ಮುಂದೆ ನಡೆದವನ ಮುಖ

ಕುಷ್ಟಗಿ ಬಸ್‌ಸ್ಟ್ಯಾಂಡಿನ ಎದುರಿನ ಸ್ಟುಡಿಯೋದಲ್ಲಿ ಜಹೀರ ಹಳೆ ಪೇಪರು ಬಿಚ್ಚಿ ಫೋಟೋವನ್ನು ಗಾಜಿನ ಟೇಬಲ್ಲಿನ ಮೇಲೆ ನಿಲ್ಲಿಸಿದಾಗ ಫಕೀರಮ್ಮನಿಗೆ ಮೊದಲು ಕಂಡದ್ದು ಕೋಟು. ಕರಿ ಕೋಟು, ಕೆಂಪು ಟೈ, ಇಸ್ತ್ರಿ ಮುರಿಯದ ಬಿಳಿ ಕಾಲರು. ಹಿಂದೆ ಎಲ್ಲಿಯದೋ ಒಂದು ಜಲಪಾತ. ಕಾಲರಿನ ಮೇಲೆ, ನೀರಿನಲ್ಲಿ ನೆನೆದು ಒಣಗಿದ ಕಾಗದದಂಥ ಒಂದು ಮುಖ. ಕಣ್ಣು ಅರ್ಧ ಮುಚ್ಚಿದ್ದವು.

“ಇವರು ಯಾರಪಾ?” ಎಂದಳು.

“ಏನವ್ವಾ ಹಿಂಗ ಕೇಳತಿ! ನಿಮ್ಮ ಯಜಮಾನರು. ಆಧಾರ ಕಾರ್ಡಿನಾಗಿನ ಫೋಟೋನ ದೊಡ್ಡದು ಮಾಡೀನಿ. ಅಂಗಿ ಛಲೋ ಕಾಣವಲ್ದಾಗಿತ್ತು, ಅದಕ್ಕ ಕೋಟು ಹಾಕೀನಿ. ಎಲ್ಲಾರೂ ಹಾಕಸ್ತಾರ.”

ಜೊತೆಗೆ ಬಂದಿದ್ದ ತಮ್ಮ ಓಬಳೆಪ್ಪ ಬಗ್ಗಿ ನೋಡಿದ. “ಅಕ್ಕಾ, ಮಾವ ತಹಶೀಲ್ದಾರ ಆಗಿಬಿಟ್ಟಾನಲ್ಲ!” ಎಂದು ನಕ್ಕವನು, ನಕ್ಕದ್ದು ತಪ್ಪಾಯಿತೆನಿಸಿ ರಸ್ತೆಯ ಕಡೆ ತಿರುಗಿ ನಿಂತ.

ಫಕೀರಮ್ಮ ಫೋಟೋದ ಗಾಜನ್ನು ಸೆರಗಿನಿಂದ ಒರೆಸಿದಳು. ಒರೆಸಿದರೆ ಮುಖ ತಿಳಿಯಾದೀತೇನೋ ಎಂಬಂತೆ. “ಅಂಗಿ ಗುಂಡಿ ಹಾಕ್ಕೋ ಅಂದ್ರ ಉಸುರು ಕಟ್ಟತೈತಿ ಅಂತಿದ್ದ ಮನಿಷಾ. ಅವನ ಕೊಳ್ಳಿಗೆ ಇದನ್ನ ಬಿಗದೀರಲ್ಲಪಾ. ಹೋಗಲಿ, ಕಣ್ಣಾದ್ರೂ ತೆರಸಾಕ ಬರತೈತೇನು ನೋಡು.”

ಜಹೀರ ಒಳ್ಳೆಯ ಹುಡುಗ. ಸುಳ್ಳು ಹೇಳಲಿಲ್ಲ. “ತೆರಸಬಹುದವ್ವಾ. ಆದ್ರ ಅವು ಬ್ಯಾರೆ ಯಾರದರ ಕಣ್ಣು ಆಗತಾವು. ಕಾರ್ಡಿನಾಗ ಇದ್ದದ್ದು ಇಷ್ಟ.”

ಪೇಪರಿನಲ್ಲಿ ಮತ್ತೆ ಸುತ್ತಿಸಿಕೊಂಡು ಇಬ್ಬರೂ ಬಸ್ಸು ಹತ್ತಿದರು. ಮಾನೌಮಿ ಅಮಾಸಿ ಹತ್ತಿರ ಬಂದಿತ್ತು. ಅಂದು ಮನೆಯ ಹಿರಿಯರಿಗೆ ಹೊಸ ಅರಿವೆ ಇಟ್ಟು, ಅವರಿಗೆ ಸೇರುತ್ತಿದ್ದದ್ದನ್ನೆಲ್ಲ ಮಾಡಿ ಎಡೆ ಹಿಡಿಯಬೇಕು. ಗಂಡ ಸಣ್ಣಪ್ಪ ಸತ್ತ ಮೇಲೆ ಬರುತ್ತಿದ್ದ ಮೊದಲ ಮಾನೌಮಿ ಅಮಾಸಿ. ಅವನು ಹಿರಿಯರ ಸಾಲಿಗೆ ಸೇರುವ ದಿನ.

ಯಲಬುರ್ಗಾ ಸೀಮೆಯ ಮಂಗಳೂರೆಂಬ ಹಳ್ಳಿಯ ಅವರ ಮನೆಯಲ್ಲಿ ಹಿರಿಯರಿಗೆ ಫೋಟೋ ಇರಲಿಲ್ಲ. ಮಡಿಸಿದ ಕರಿ ಕಂಬಳಿ, ಅದರ ಮೇಲೊಂದು ತಂಬಿಗೆ, ಒಂದು ಚಿಟಿಕೆ ಅರಿಸಿನದ ಭಂಡಾರ, ಮುಗಿಯಿತು. ಅತ್ತೆ ಮಾವ ಅಷ್ಟರಲ್ಲೇ ಇದ್ದರು. ಫಕೀರಮ್ಮನಿಗೂ ಫೋಟೋದ ಹುಚ್ಚು ಇದ್ದದ್ದಲ್ಲ. ಊರವರೆಲ್ಲ “ಈಗ ಎಲ್ಲಾರ ಮನ್ಯಾಗೂ ಫೋಟೋ ಇಡತಾರ, ಅದಕ್ಕ ಓಡ್ಯಾಡತಾಳ” ಎಂದುಕೊಂಡರು. ಅಂದುಕೊಳ್ಳಲಿ ಎಂದು ಬಿಟ್ಟಳು. ನಿಜದ ಮಾತು ಬಾಯಿಬಿಟ್ಟು ಹೇಳುವಂಥದ್ದಾಗಿರಲಿಲ್ಲ. ಗಂಡನ ಮುಖ ಆಕೆಗೆ ನೆನಪಾಗುತ್ತಿರಲಿಲ್ಲ. ಆಧಾರ ಕಾರ್ಡು ಬಿಟ್ಟರೆ ಅವನ ಮುಖದ್ದೊಂದು ಫೋಟೋ ಎಲ್ಲೂ ಇರಲಿಲ್ಲ. ಕಣ್ಣು ಮುಚ್ಚಿದರೆ ಬಿಳಿ ಬಟ್ಟೆ ಬರುತ್ತಿತ್ತು.

ಕುರಿ ನಡೆಸುವುದಕ್ಕೆ ಒಂದು ಕ್ರಮ ಇದೆ. ಯಲಬುರ್ಗಾ ಕಡೆಯ ಒಣಭೂಮಿಯಲ್ಲಿ ಮೇವು ತೀರಿದಾಗ ಕುರಿಗಾರರು ಹಿಂಡು ಕಟ್ಟಿಕೊಂಡು ಗಂಗಾವತಿ, ಕಾರಟಗಿಯ ಕಾಲುವೆ ಸೀಮೆಗೆ ಇಳಿಯುತ್ತಾರೆ. ಭತ್ತ ಕೊಯ್ದ ಗದ್ದೆಯಲ್ಲಿ ಹಗಲು ಮೇಯಿಸಿ, ಇರುಳು ಅದೇ ಗದ್ದೆಯಲ್ಲಿ ಕುರಿ ತರುಬಿ ಮಲಗಿಸುತ್ತಾರೆ. ಕುರಿಯ ಹಿಕ್ಕೆ, ಉಚ್ಚೆ ಬಿದ್ದ ನೆಲ ಮುಂದಿನ ಬೆಳೆಗೆ ಕಸುವಾಗುತ್ತದೆ, ಅದಕ್ಕೇ ಕಾಲುವೆ ನೀರು ನಂಬಿ ಬಂದು ನೆಲೆಸಿದ ಕ್ಯಾಂಪಿನ ರೈತರು ಕರೆಯುತ್ತಾರೆ. ಒಂದು ಗದ್ದೆಯಿಂದ ಇನ್ನೊಂದಕ್ಕೆ ಹೊರಟಾಗ ಹಿರಿಯ ಕುರಿಗಾರ ಮುಂದೆ ನಡೆಯುತ್ತಾನೆ. ಅವನ ಕೂಗು, ಅವನ ಕಂಬಳಿಯ ವಾಸನೆ ಹಿಡಿದು ಹಿಂಡು ಬರುತ್ತದೆ. ಹಿಂಡಿನ ಹಿಂದೆ ಇನ್ನೊಬ್ಬ, ಕುಂಟುವ ಕುರಿ, ಸೋತ ಮರಿ ನೋಡಿಕೊಳ್ಳಲು. ಹೆಂಗಸು ಈ ಇಬ್ಬರ ಜೊತೆಗೂ ನಡೆಯುವುದಿಲ್ಲ. ಕುದುರೆಯ ಮೇಲೆ ಪಾತ್ರೆ, ಹಿಟ್ಟು, ಎಳೆಮರಿ ಹೇರಿಕೊಂಡು ಅಡ್ಡದಾರಿಯಿಂದ ಮುಂದಿನ ಗದ್ದೆಗೆ ಮೊದಲೇ ಮುಟ್ಟಿ, ಕಲ್ಲು ಹೂಡಿ ಒಲೆ ಹಚ್ಚುತ್ತಾಳೆ.

ಮದುವೆಯಾದಂದಿನಿಂದ ಫಕೀರಮ್ಮ ಗಂಡನನ್ನು ನೋಡಿದ್ದು ಹಾಗೆ. ರೊಟ್ಟಿ ಬಡಿಯುತ್ತ ತಲೆ ಎತ್ತಿದರೆ ದೂರದಲ್ಲಿ ಕೆಂಪು ಧೂಳು ಏಳುತ್ತಿತ್ತು. ಧೂಳಿನ ಮುಂದೊಂದು ಚುಕ್ಕೆ. ಚುಕ್ಕೆಗೆ ಕಾಲು ಬರುತ್ತಿದ್ದವು, ಕೋಲು ಬರುತ್ತಿತ್ತು, ಕಡೆಗೆ ಮುಖ. ಬಿಸಿಲಿಗೆ ಕಿರಿದಾದ ಕಣ್ಣು, ಒಲೆಯ ಹೊಗೆ ಕಂಡಾಗ ಒಂದು ಕಡೆ ಮೇಲೇರುವ ಮೀಸೆ. “ಹೊಗಿ ಕಂಡ್ರ ಸಾಕು, ಕುರಿಗಿಂತ ಮೊದಲು ನಾ ಓಡಬೇಕು ಅನಸತೈತಿ ನೋಡು” ಎನ್ನುತ್ತಿದ್ದ. “ರೊಟ್ಟಿ ಸಲುವಾಗಿ ಓಡತಿ ತಗೋ” ಎಂದು ಆಕೆ ಅಂದರೆ, “ಮತ್ಯಾರ ಸಲುವಾಗಿ? ಕುದುರಿ ಸಲುವಾಗೇನು?” ಎಂದು ಕೇಳುತ್ತಿದ್ದ.

ಕಳೆದ ಚಳಿಗಾಲದಲ್ಲಿ ಶ್ರೀರಾಮನಗರದ ಗದ್ದೆ ಮುಗಿಸಿ ಕಾರಟಗಿ ಕಡೆ ಹೊರಟಿದ್ದರು. ಬೆಳಗಿನ ಮಂಜು. ಆಕೆ ಕಾಲುವೆಯ ದಂಡೆ ಹಿಡಿದು ಮೊದಲೇ ಬಂದು ಒಲೆ ಹಚ್ಚಿ ಕೂತಿದ್ದಳು. ಕುರಿ ಬಂದವು. ಮುಂದೆ ಯಾರೂ ಇರಲಿಲ್ಲ. ಹೊಗೆಯ ಹತ್ತಿರ ಬಂದು, ಇನ್ನೇನು ಮಾಡಬೇಕೋ ತಿಳಿಯದೆ ಒಂದಕ್ಕೊಂದು ಒತ್ತಿ ನಿಂತವು. ಆಕೆ ಮಂಜಿನೊಳಗೆ ಕಣ್ಣು ಹಾಯಿಸಿ, ಹಿಂದೆ ಉಳಿದಿರಬೇಕು, ಬೀಡಿ ಹಚ್ಚಿರಬೇಕು ಎಂದುಕೊಂಡು ಎರಡನೇ ರೊಟ್ಟಿ ಹಂಚಿಗೆ ಹಾಕಿದಳು. ಆ ರೊಟ್ಟಿ ಹಾಕಿದ್ದಕ್ಕೆ ಆಕೆ ಇಂದಿಗೂ ತನ್ನನ್ನು ಕ್ಷಮಿಸಿಕೊಂಡಿಲ್ಲ.

ಮಂಜಿನಲ್ಲಿ ಬಂದ ಭತ್ತದ ಲಾರಿ ಮುಂದೆ ನಡೆಯುವವನನ್ನೇ ಹೊಡೆದಿತ್ತು. ದವಾಖಾನೆಯಿಂದ ತಂದಾಗ ತಲೆಯಿಂದ ಕೊರಳತನಕ ಬಿಳಿ ಬಟ್ಟೆ ಸುತ್ತಿದ್ದರು. ಬಿಚ್ಚಲು ಕೈ ಹಾಕಿದರೆ ಹಿರಿಯರು ಹಿಡಿದರು. “ಬ್ಯಾಡವ್ವಾ ಫಕೀರಮ್ಮಾ. ಇದ್ದಾಗಿನ ಮಾರಿ ನೆನಪ ಇಟಕೋ.” ಹಿರಿಯರ ಮಾತು ಎಂದು ಕೇಳಿದಳು. ಇದ್ದಾಗಿನ ಮುಖದ ಮೇಲೂ ಆ ಬಟ್ಟೆ ಬಂದು ಕೂತೀತೆಂದು ಯಾರಿಗೆ ಗೊತ್ತಿತ್ತು?

ಬಸ್ಸು ಯಲಬುರ್ಗಾ ದಾಟುವ ಹೊತ್ತಿಗೆ ಓಬಳೆಪ್ಪ ಹೇಳಿದ, “ಅಕ್ಕಾ, ಮನ್ಯಾಗ ಅಷ್ಟ ದೊಡ್ಡ ಚಿತ್ರಗಾರ ಅದಾನ. ಜಹೀರನ ಕಡೆ ಯಾಕ ಹೋದಿ ನೀ?”

ಸುಭಾಷ್ ಸಣ್ಣಪ್ಪನ ಬೆನ್ನಿಗೆ ಬಿದ್ದ ತಮ್ಮ. ಗಂಗಾವತಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಸಣ್ಣವನಿದ್ದಾಗ ಅವನೂ ಕುರಿಯ ಹಿಂದೆ ನಡೆದವನೇ, ಮರಿ ಎತ್ತಿಕೊಂಡು, ಹಿಂಡಿನ ಬಾಲಕ್ಕೆ. ಕೋಲಿನ ತುದಿಯಿಂದ ನೆಲದ ಮೇಲೆ ಟಗರು ಬರೆಯುತ್ತಿದ್ದ. ಅದನ್ನು ನೋಡಿ ಅಣ್ಣ, “ಈ ಕೋಲು ನನಗ ಕೊಡು, ನೀ ಸಾಲಿಗೆ ಹೋಗು” ಎಂದ. ಅಂದಿನಿಂದ ಹಿಂಡಿನ ಮುಂದಿನದು, ಹಿಂದಿನದು ಎರಡೂ ಕೆಲಸ ತಾನೇ ಮಾಡಿದ. ಸುಭಾಷ್ ಓದಿದ, ಚಿತ್ರಕಲೆಯ ಕಾಲೇಜಿಗೂ ಹೋದ.

ಕಾಲೇಜಿನ ಪುಸ್ತಕದ ಕೋಣೆಯಲ್ಲಿ ಅವನಿಗೆ ಹಾಲೆಂಡ್ ದೇಶದ ಹಳೆಯ ಚಿತ್ರಗಳು ಸಿಕ್ಕವು. ನೂರೈವತ್ತು ವರ್ಷದ ಹಿಂದೆ ಅಲ್ಲಿಯ ಪಟ್ಟಣದ ಚಿತ್ರಗಾರರು ಬಣ್ಣದ ಪೆಟ್ಟಿಗೆ, ಕೊಡೆ ಹಿಡಿದುಕೊಂಡು ಹಳ್ಳಿಗೆ ಹೋಗಿ ಕುರಿ, ಕುರಿಗಾರರನ್ನು ಬರೆದದ್ದು. ಬೂದಿ ಬಣ್ಣದ ಆಕಾಶ, ಕುರುಚಲು ಗಿಡದ ಬಯಲು, ಅದರಲ್ಲಿ ಮೆಲ್ಲಗೆ ಹೋಗುವ ಉಣ್ಣೆಯ ಹಿಂಡು, ಹಿಂಡಿನ ಜೊತೆ ಕಂಬಳಿಯ ಗೊಂಗಡಿ ಹೊದ್ದ ಒಬ್ಬ. ಕಟ್ಟಿಗೆಯ ಚಪ್ಪಲಿ ಮೆಟ್ಟಿದ ಹೆಂಗಸು ಕುರಿ ಕಾಯುತ್ತಲೇ ಕಾಲುಚೀಲ ಹೆಣೆಯುವುದು. ಸುಭಾಷ್ ಅದೇ ಗುಂಗಿನಲ್ಲಿ ಬಿದ್ದ. ನೌಕರಿ ಸಿಕ್ಕ ಮೇಲೆ ಎಲ್ಲಿಂದಲೋ ಆ ಚಿತ್ರಗಳ ದೊಡ್ಡ ಪುಸ್ತಕ ತರಿಸಿಕೊಂಡ. ಒಮ್ಮೆ ಅದನ್ನು ಚೀಲದಲ್ಲಿ ಹಾಕಿಕೊಂಡು ಅಣ್ಣನಿಗೆ ತೋರಿಸಲು ಶ್ರೀರಾಮನಗರದ ಗದ್ದೆಗೇ ಬಂದಿದ್ದ.

ಸಣ್ಣಪ್ಪ ಕೈ ತೊಳೆದುಕೊಂಡು ಹಾಳೆ ತಿರುವಿದ. “ಈ ಕುರಿ ಯಾಕ ಇಷ್ಟ ಉಣ್ಣಿ ಬಿಟ್ಟಾವು? ಉಣ್ಣಿ ಇಲ್ಲದ ನಮ್ಮ ಕೆಂಗುರಿ ನೋಡಿದ್ರ ಅವಕ್ಕ ನಾಚಿಕಿ ಬರತೈತಿ. ಬತ್ತಲೆ ಅದಾವು ಅಂತಾವು.”

“ಅಲ್ಲೆ ಥಂಡಿ ಭಾಳ ಅಣ್ಣ. ಆದ್ರ ಕೇಳಿಲ್ಲೆ, ಉಣ್ಣಿಗಿಂತ ಹೆಚ್ಚಾಗಿ ಅವರು ಕುರಿ ಸಾಕಿದ್ದು ಗೊಬ್ಬರಕ್ಕ. ಇರುಳು ದೊಡ್ಡಿಯೊಳಗ ಕೂಡಿಹಾಕಿ, ಹಿಕ್ಕಿ ಬಾಚಿ ಹೊಲಕ್ಕ ಹಾಕತಿದ್ರು. ಚೀಲದ ಗೊಬ್ಬರ ಬಂತು, ಕುರಿ ಹೋದವು.”

“ಹಂಗಾರ ಅಲ್ಲೂ ಹಿಕ್ಕಿ ಸಲುವಾಗೇ!” ಸಣ್ಣಪ್ಪ ಹೆಂಡತಿಯ ಕಡೆ ತಿರುಗಿದ. “ಕೇಳಿದೇನ? ಅಷ್ಟ ದೂರದ ದೇಶದಾಗೂ ಮಂದಿಗೆ ನಮ್ಮ ಮ್ಯಾಲ ಪ್ರೀತಿ ಬರೋದು ಕುರಿ ಕುಂಡಿ ನೋಡೇ.”

ಸುಭಾಷ್ ನಕ್ಕು ಇನ್ನೊಂದು ಮಾತು ಹೇಳಿದ. ಆ ಚಿತ್ರಗಳನ್ನು ಕೊಳ್ಳುವ ಸಾಹುಕಾರರು ‘ಬರುವ ಕುರಿ ಬೇಕೋ, ಹೋಗುವ ಕುರಿ ಬೇಕೋ’ ಎಂದು ನೋಡಿ ತೆಗೆದುಕೊಳ್ಳುತ್ತಿದ್ದರಂತೆ. ಮುಖ ಕಾಣುವ, ಬರುವ ಕುರಿಗೆ ಬೆಲೆ ಹೆಚ್ಚಂತೆ.

“ಮತ್ತ ನೀ ಯಾಕ ಯಾವಾಗ ನೋಡಿದ್ರೂ ಹೋಗೋ ಕುರಿ ಬರೀತಿ?” ಎಂದು ಸಣ್ಣಪ್ಪ ಕೇಳಿದ.

ಸುಭಾಷ್ ಪುಸ್ತಕ ಮುಚ್ಚಿ, “ನಾಳೆ ನಿನ್ನ ಚಿತ್ರ ಬರೀತೀನಿ ಅಣ್ಣ, ತಯಾರಿರು” ಎಂದ.

ಮರುದಿನದ ಸಣ್ಣಪ್ಪನನ್ನು ನೋಡಬೇಕಿತ್ತು. ನಸುಕಿನಲ್ಲೇ ಕಾರಟಗಿಗೆ ಹೋಗಿ ಕ್ಷೌರ ಮಾಡಿಸಿಕೊಂಡು ಬಂದ. ಕಾಲುವೆಯಲ್ಲಿ ಮಿಂದ. ತನ್ನ ಮದುವೆಯಲ್ಲಿ ಉಟ್ಟಿದ್ದ ಧೋತರ, ಕೆಂಪು ರುಮಾಲು ಗಂಟಿನೊಳಗಿಂದ ತೆಗೆಸಿದ. ಮೀಸೆಗೆ ಒಂದು ಹನಿ ಎಣ್ಣೆ ಹಚ್ಚಿಕೊಂಡ. “ಹೆಂಗ ಕಾಣತೀನಿ?” ಎಂದು ಕೇಳಿದಾಗ ಫಕೀರಮ್ಮ, “ಎರಡನೇ ಮದುವಿಗೆ ಹೊಂಟಂಗ ಕಾಣತಿ” ಎಂದಿದ್ದಳು.

ಸುಭಾಷ್ ಬಂದು ನೋಡಿ ತಲೆ ಅಲ್ಲಾಡಿಸಿದ. “ಇದೇನಣ್ಣ ಇದು! ಇದನ್ನೆಲ್ಲಾ ತೆಗಿ. ಹಳೇ ಕಂಬಳಿ ಎಲ್ಲೈತಿ? ಅದನ್ನ ಕೊಪ್ಪಿ ಮಾಡಿ ತಲಿ ಮ್ಯಾಲಿಂದ ಹೊದ್ದುಕೋ. ಹಾಂ. ಈಗ ಆ ಕಡಿ ತಿರುಗು.”

“ಆ ಕಡೆನಾ?”

“ಹೋಗೋ ಹಂಗ ನಿಂದರು. ಮಾರಿ ಬ್ಯಾಡ. ಮಾರಿ ಬಂತಂದ್ರ ಅವ ಯಾರೋ ಒಬ್ಬ ಮನಿಷಾ ಆಗತಾನ. ಬೆನ್ನಾದ್ರ ಜಗತ್ತಿನ ಎಲ್ಲಾ ಕುರಿಗಾರರೂ ಆಗತಾರ.”

ಸಣ್ಣಪ್ಪ ತಿರುಗಿ ನಿಂತ. ಉರಿಬಿಸಿಲು. ಕಂಬಳಿಯೊಳಗೆ ಬೆವರು ಇಳಿದು ಮೀಸೆಯ ಎಣ್ಣೆ ಕರಗಿ ಗದ್ದಕ್ಕೆ ಬರುತ್ತಿದ್ದದ್ದು ಒಲೆಯ ಹತ್ತಿರ ಕೂತಿದ್ದ ಫಕೀರಮ್ಮನಿಗೆ ಕಾಣುತ್ತಿತ್ತು. ಆ ಹೊತ್ತು ಆ ಮುಖ ಕಂಡದ್ದು ಆಕೆಯೊಬ್ಬಳಿಗೆ. ಆಕೆ ಕಣ್ಣು ಮಿಟುಕಿಸಿದರೆ ಅವನು ಅಲುಗದೆ, ತುಟಿಯಲ್ಲೇ ನಕ್ಕ. ಸುಭಾಷನ ಹಾಳೆಯ ಮೇಲೆ ಬಿಸಿಲು ಇರಲಿಲ್ಲ. ಅಲ್ಲಿ ಬೂದಿ ಬಣ್ಣದ ಆಕಾಶ ಇಳಿಯುತ್ತಿತ್ತು.

ಮುಗಿದ ಮೇಲೆ ಸಣ್ಣಪ್ಪ ಬಂದು ನೋಡಿದ. ಬಹಳ ಹೊತ್ತು ನೋಡಿದ. “ಇದು ನನ್ನ ಕಂಬಳಿ,” ಎಂದ. “ಛಲೋ ಬರದಿ.” ಆಮೇಲೆ ರೊಟ್ಟಿ ಮುರಿಯುತ್ತ ಹೆಂಡತಿಗೆ ಮೆಲ್ಲಗೆ, “ಕ್ಷೌರ ದಂಡ ಆತು ನೋಡು” ಎಂದು ಹೇಳಿ ನಕ್ಕ. ಆ ನಗು ಎಂದಿನಂತಿರಲಿಲ್ಲ. ರುಮಾಲನ್ನು ಅವನೇ ಮಡಿಸಿ ಗಂಟಿನೊಳಗೆ ಇಟ್ಟ.

ಆ ಚಿತ್ರಕ್ಕೆ ಬಹುಮಾನ ಬಂತು. ಈಗ ಅದು ಹೊಸಪೇಟೆ ರಸ್ತೆಯ ಒಂದು ದೊಡ್ಡ ಹೋಟೆಲಿನ ಬಾಗಿಲೊಳಗೆ ಗೋಡೆಯ ತುಂಬ ತೂಗುಬಿದ್ದಿದೆ. ಕೆಳಗೆ ಸುಭಾಷನ ಹೆಸರಿದೆ.

ಇದೆಲ್ಲ ಮನಸ್ಸಿನಲ್ಲಿ ಇದ್ದದ್ದರಿಂದಲೇ ಫಕೀರಮ್ಮ ಮೊದಲು ಜಹೀರನ ಹತ್ತಿರ ಹೋದದ್ದು. ಈಗ ಬೇರೆ ದಾರಿ ಇರಲಿಲ್ಲ. ಕೋಟಿನ ಫೋಟೋ ಕಂಕುಳಲ್ಲಿ ಹಿಡಿದು ಗಂಗಾವತಿಗೆ ಬಂದಳು.

ಸುಭಾಷನ ಹೆಂಡತಿ ಹೇಮಾವತಿ ಬಾಗಿಲಿಗೆ ಬಂದಳು, ಹೆಗಲ ಮೇಲೆ ಕೂಸು. “ಬಾ ಅಕ್ಕಾ. ಇದನ್ನ ಚೂರು ಹಿಡಕೊ, ನಿನ್ನೆಯಿಂದ ನನ್ನ ಕೈ ಬಿಟ್ಟಿಲ್ಲ” ಎಂದು ಕೂಸನ್ನು ದಾಟಿಸಿ ಚಹಾಕ್ಕೆ ಒಳಗೆ ಹೋದಳು. ಕೂಸಿನ ಹೊಟ್ಟೆ ಬಿಗಿದಿತ್ತು. ಫಕೀರಮ್ಮ ಅಂಗೈ ಬಿಸಿ ಮಾಡಿ ಹೊಕ್ಕುಳ ಸುತ್ತ ಸವರಿದಳು. ಅದು ಸುಮ್ಮನಾಯಿತು.

ಸುಭಾಷ್ ಶಾಲೆಯಿಂದ ಬಂದವನು ಅತ್ತಿಗೆಯ ಕಾಲು ಮುಟ್ಟಿದ. ಫೋಟೋ ನೋಡಿ ಅವನಿಗೆ ಅಳು ಬಂತು. “ಹೇಳಬಾರದಾ ಅತ್ತಿಗಿ? ನಾ ಇಲ್ಲೇನು? ಅಣ್ಣನ ಮಾರಿ ನಾ ಬರೀತೀನಿ. ಅಮಾಸಿತನಕ ಇಲ್ಲೇ ಇರು, ನೀ ಎದುರಿಗೆ ಕುಂತು ಹೇಳು.”

ಫಕೀರಮ್ಮನ ಎದೆ ಹಗುರಾಯಿತು. ನಂಬಿದಳು. ಸುಳ್ಳೇನಲ್ಲ, ಅವನ ಕೈಯಲ್ಲಿ ಕಸುವು ಇತ್ತು.

ಮಾಳಿಗೆಯ ಕೋಣೆಯಲ್ಲಿ ಕೆಲಸ ಶುರುವಾಯಿತು. ಸುಭಾಷ್ ಇದ್ದಲಿನ ಕಡ್ಡಿ ಹಿಡಿದು ಕೂತ. ಆಕೆ ಎದುರಿಗೆ.

“ಮೂಗು ಹೆಂಗಿತ್ತು ಅತ್ತಿಗಿ?”

“ಮೂಗಿನಂಗ ಇತ್ತು. ನಿಮ್ಮಣ್ಣನ ಮೂಗು ನಿನಗ ಗೊತ್ತಿಲ್ಲೇನು?”

“ಗೊತ್ತೈತಿ... ಉದ್ದ ಅಲ್ಲಾ?”

“ಉದ್ದ ಅಂದ್ರ ಉದ್ದಲ್ಲ. ನೀ ಬರಿ, ನಾ ಹೇಳತೀನಿ.”

ಬರೆದ. ಒರೆಸಿದ. ಹುಬ್ಬು ಬರೆದ, ಒರೆಸಿದ. ಕೆಳಗಿನಿಂದ ಹೇಮಾವತಿ ಕೂಗಿದಳು, “ಕನ್ನಡಿ ನೋಡಕೊಂಡು ಬರೀರಿ, ಒಂದ ತಾಯಿ ಹೊಟ್ಯಾಗ ಹುಟ್ಟಿದವರಲ್ಲಾ!” ಸುಭಾಷ್ ಎದ್ದು ಕನ್ನಡಿ ತಂದು ಇಟ್ಟುಕೊಂಡ. ಸಂಜೆಯ ಹೊತ್ತಿಗೆ ಹಾಳೆಯ ಮೇಲೆ ಮೀಸೆ ಬಂದ ಸುಭಾಷನೇ ಕೂತಿದ್ದ. ಅವನೇ ಹರಿದು ಹಾಕಿದ.

ಫಕೀರಮ್ಮನಿಗೂ ಹೇಳಲು ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಬಿಳಿ ಬಟ್ಟೆ. ಕಷ್ಟಪಟ್ಟು ಬಟ್ಟೆಯ ಸಂದಿಯಿಂದ ಒಂದು ತುಣುಕು ಎಳೆದು ತರುತ್ತಿದ್ದಳು. “ಟಗರು ಹಾಯ್ದದ್ದು ಒಂದು ಗಾಯ ಇತ್ತು, ಹುಬ್ಬಿನ ಮ್ಯಾಲ.” “ನಗುವಾಗ ಒಂದ ಕಡಿ ಮೀಸಿ ಏಳತಿತ್ತು.” “ಯಾವ ಗಾಯ?” ಎಂದು ಸುಭಾಷ್ ಕೇಳಿದಾಗ ಆಕೆ ಅವನನ್ನೇ ನೋಡಿದಳು. ಆ ಟಗರು ಹಾಯ್ದಾಗ ಸುಭಾಷ್ ಅಲ್ಲೇ ಇದ್ದವನು. ಹಿಂಡಿನ ಹಿಂದೆ.

ಮಧ್ಯಾಹ್ನ ಹೇಮಾವತಿ ನೀರಿಗೆ, ಸಂತೆಗೆ ಹೋದಾಗ ಫಕೀರಮ್ಮ ಕೂಸಿನ ತೊಟ್ಟಿಲು ತೂಗುತ್ತ ಆ ದೊಡ್ಡ ಪುಸ್ತಕ ತೆಗೆದು ನೋಡುತ್ತಿದ್ದಳು. ಓದು ಬಾರದಿದ್ದರೂ ಕುರಿ ಕುರಿಯೇ. ಹಾಳೆ ತಿರುವಿದಷ್ಟೂ ಹೋಗುವವರು. ಬೆನ್ನು, ಗೊಂಗಡಿ, ಬಾಗಿದ ಹೆಗಲು. ಎಲ್ಲಿಗೆ ಹೋಗುತ್ತಾರೋ, ಒಲೆ ಹಚ್ಚಿ ಕೂತವಳು ಯಾವ ಚಿತ್ರದಲ್ಲೂ ಇರಲಿಲ್ಲ. ಒಂದೇ ಒಂದು ಹಾಳೆಯಲ್ಲಿ, ಕುರಿದೊಡ್ಡಿಯ ಬಾಗಿಲಲ್ಲಿ ಒಬ್ಬ ಮುದುಕ ಇತ್ತ ಮುಖ ಮಾಡಿ ನಿಂತಿದ್ದ. ತಲೆ ಕೊಂಚ ವಾಲಿತ್ತು. ತೆರೆದ ಕಣ್ಣು. ಇವನ ಹೆಂಡತಿ ಪುಣ್ಯವಂತೆ ಎಂದುಕೊಂಡಳು.

ಅಮಾಸಿ ಇನ್ನೇನು ಬಂತು ಎನ್ನುವಾಗ ಒಂದು ಮುಂಜಾನೆ ಸುಭಾಷ್, “ಅತ್ತಿಗಿ, ಬಾ” ಎಂದು ಕರೆದ. ಅವನ ಕಣ್ಣು ಕೆಂಪಗಿದ್ದವು. ಚಿತ್ರಕ್ಕೆ ಹೊದಿಸಿದ್ದ ಬಟ್ಟೆ ತೆಗೆದ.

ಎಂಥ ಚಿತ್ರ! ಕೆಂಪು ರುಮಾಲಿನ ಒಂದೊಂದು ಸುತ್ತು, ಹುಬ್ಬಿನ ಮೇಲಿನ ಗಾಯ, ಮೀಸೆ, ಎಲ್ಲ ಇದ್ದವು. ಕಣ್ಣು ತೆರೆದಿದ್ದವು. ಬೆಳಕು ಮೆತ್ತಗೆ ಕೆನ್ನೆಯ ಮೇಲೆ ಬಿದ್ದಿತ್ತು. ಬಾಗಿಲಲ್ಲಿ ನಿಂತಿದ್ದ ಹೇಮಾವತಿ, “ಭಾಳ ಛಲೋ ಬಂದೈತ್ರಿ” ಎಂದಳು.

ಫಕೀರಮ್ಮ ಹತ್ತಿರ ಹೋದಳು. ದೂರ ಬಂದಳು. ಗಂಡನ ಕಣ್ಣು ಇಷ್ಟು ಅಗಲ ಯಾವಾಗ ತೆರೆದಿದ್ದವು? ಬಿಸಿಲಿಗೆ ಕಿರಿದಾದ ಕಣ್ಣು ಅವನವು, ನೆರಳಲ್ಲೂ ಹಾಗೇ ಇರುತ್ತಿದ್ದವು. ಈ ತಲೆ ವಾಲಿದ ರೀತಿ, ಈ ಮೋಡದ ಬೆಳಕು... ಎಲ್ಲಿ ನೋಡಿದ್ದೆನೆಂದು ಹೊಳೆಯಿತು.

“ಛಲೋ ಅದಾನ ಸುಭಾಸ,” ಎಂದಳು. “ಯಾರಿವ?”

“ಅಣ್ಣ...”

“ದೊಡ್ಡಿ ಬಾಗಲಾಗ ನಿಂತ ಮುದುಕ ಇವ. ನಿನ್ನ ಪುಸ್ತಕದಾಗ ಅದಾನ. ಅವಗ ನನ್ನ ಗಂಡನ ರುಮಾಲು ಸುತ್ತಿದಿ. ಜಹೀರ ಕೋಟು ಹಾಕಿದ, ನೀ ರುಮಾಲು ಸುತ್ತಿದಿ. ಬ್ಯಾರೆಯವರ ಕಣ್ಣು ಆಗತಾವು ಅಂತ ಜಹೀರ ಹೇಳೆರ ಹೇಳಿದ.”

ಸುಭಾಷ್ ಕುರ್ಚಿಯ ಮೇಲೆ ಕುಸಿದು ಕೂತ. “ಬರವಲ್ದು ಅತ್ತಿಗಿ. ಎಷ್ಟ ನೆನಸಿಕೊಂಡ್ರೂ ಅಣ್ಣನ ಮಾರಿ ಬರವಲ್ದು. ಬೆನ್ನಾದ್ರ ಕಣ್ಣು ಮುಚ್ಚಿ ಬರೀತೀನಿ.” ಎದುರಿಗಿದ್ದ ಖಾಲಿ ಹಾಳೆಯ ಮೇಲೆ ಇದ್ದಲಿನ ಕಡ್ಡಿ ಆಡಿಸಿದ. ನಾಲ್ಕು ಗೆರೆ ಎಳೆದನೋ ಇಲ್ಲವೋ, ಸಣ್ಣಪ್ಪ ಎದ್ದು ನಡೆಯತೊಡಗಿದ. ಮರಿ ಹೊತ್ತು ಹೊತ್ತು ತಗ್ಗಾದ ಎಡಹೆಗಲು, ಹಿಮ್ಮಡಿ ಎತ್ತಿ ಇಡುವ ಹೆಜ್ಜೆ, ಕಿವಿಯ ಹಿಂದೆ ಸಿಕ್ಕಿಸಿದ ಅರ್ಧ ಬೀಡಿ.

ಅವನೇ ಅದು. ಕಾಲುವೆ ದಂಡೆಯಲ್ಲಿ ಹೊರಟುಹೋಗುತ್ತಿದ್ದ. ಫಕೀರಮ್ಮನಿಗೆ ಅಲ್ಲಿಯತನಕ ತಡೆದಿದ್ದ ಅಳು ಬಂತು. ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಸುಭಾಷ್ ಹಾಳೆ ಬಿಡಿಸಿ ಕೊಡಲು ಬಂದ. “ಇದನ್ನರ ಒಯ್ಯಿ. ಇದು ಖರೇ ಅಣ್ಣ.”

“ಬ್ಯಾಡ,” ಎಂದಳು. “ಹೋಗೋದನ್ನ ಇಟ್ಟು ಪೂಜಿ ಮಾಡ್ಲೇನು? ಕರೆಯೋ ದಿನ ಅದು. ಬಾ ಅನಬೇಕು.” ಮೆಟ್ಟಿಲು ಇಳಿಯುವಾಗ ನಿಂತು ಮತ್ತೆ ಹೇಳಿದಳು, “ಅವತ್ತು ಅವ ಕ್ಷೌರ ಮಾಡಿಸಿಕೊಂಡು, ಎಣ್ಣಿ ಹಚಿಗೊಂಡು, ನಿನ್ನ ಎದುರಿಗೇ ನಿಂತಿದ್ದ ಸುಭಾಸ. ಆ ಕಡಿ ತಿರುಗು ಅಂದೆಲ್ಲ. ಒಮ್ಮೆ ನೋಡಿದ್ರ ಏನು ಹೋಗತಿತ್ತು ನಿನ್ನ ಗಂಟು?”

ಹೇಮಾವತಿ ಬುತ್ತಿ ಕಟ್ಟಿದಳು. ಬಸ್‌ಸ್ಟ್ಯಾಂಡಿನ ತನಕ ಕೂಸನ್ನು ಎತ್ತಿಕೊಂಡು ಬಂದು, “ಅಮಾಸಿಗೆ ಬರತೀವಿ ಅಕ್ಕಾ” ಎಂದಳು. ಕೋಟಿನ ಫೋಟೋ ಮತ್ತೆ ಅದೇ ಪೇಪರಿನಲ್ಲಿ ಊರಿಗೆ ಹೋಯಿತು.

ಅಮಾಸಿಯ ದಿನ ಫಕೀರಮ್ಮ ನೆಲ ಸಾರಿಸಿ, ಕರಿ ಕಂಬಳಿ ಮಡಿಸಿ ಹಾಸಿ, ತಂಬಿಗೆ ಇಟ್ಟಳು. ಕರಿಗಡಬು, ಖಡಕ್ ರೊಟ್ಟಿ, ಬೆಳ್ಳುಳ್ಳಿ ಚಟ್ನಿ, ಒಂದು ಕಟ್ಟು ಬೀಡಿ. ಹೊಸ ಧೋತರ, ಹಳೆಯ ಕೆಂಪು ರುಮಾಲು. ಜಹೀರನ ಫೋಟೋ ಗೋಡೆಗೆ ಆನಿಸಿ ಇಟ್ಟಳು. ಕೋಟು ಎದುರಿಗೆ ಬಂತು, ಟೈ ಬಂತು, ಜಲಪಾತ ಬಂತು. ಆಕೆ ಒಳಗೆ ಹೋಗಿ ಗಂಡ ಹೊದೆಯುತ್ತಿದ್ದ ಹಳೆಯ ಕಂಬಳಿ ತಂದಳು. ಫೋಟೋಕ್ಕೆ ಗದ್ದದತನಕ ಹೊದಿಸಿ, ಎರಡೂ ಬದಿ ಬಿಗಿದಳು, ಚಳಿಯಲ್ಲಿ ಕೂಸಿಗೆ ಹೊದಿಸಿದಂತೆ. ಕೋಟು ಹೋಯಿತು. ಅರ್ಧ ಮುಚ್ಚಿದ ಕಣ್ಣಿನ ಮಸುಕು ಮುಖ ಉಳಿಯಿತು. ಕಂಬಳಿಯ ಅಂಚಿನಲ್ಲಿ ಅದು ಕೊಂಚ ಅವನದೇ ಎನಿಸುತ್ತಿತ್ತು. ಕೊಂಚವೇ.

“ಮಾವ ಮಕ್ಕೊಂಡಾನ,” ಎಂದ ಓಬಳೆಪ್ಪ. ಈ ಸಲ ಅವನು ನಗಲಿಲ್ಲ.

ಸುಭಾಷ್, ಹೇಮಾವತಿ ಬಂದರು. ಮನೆಯ ಮಂದಿಯೆಲ್ಲ ಕೈಮುಗಿದು ನಿಂತರು. ಫಕೀರಮ್ಮ ಭಂಡಾರ ಹಿಡಿದು ಮುಂದೆ ಬಂದು, ಮೊಣಕಾಲೂರಿ ತಲೆ ಬಾಗಿಸಿದಳು. ‘ಬಾ’ ಎಂದಳು ಮನಸ್ಸಿನಲ್ಲಿ. ಧೂಳು ಏಳಬೇಕು, ಚುಕ್ಕೆ ಕಾಣಬೇಕು ಎಂದು ಕಾದಳು. ಬೆಳಕಿಂಡಿಯಿಂದ ಬಿಸಿಲು ಇಳಿದು ಆಕೆಯ ಬೆನ್ನಿನ ಮೇಲೆ, ನರೆತ ತುರುಬಿನ ಮೇಲೆ, ಎದುರಿನ ಕಂಬಳಿಯ ಮೇಲೆ ಬಿದ್ದಿತ್ತು.

ಹಿಂದೆ ಯಾರೋ ಹೆಜ್ಜೆ ಸರಿಸಿದ ಸಪ್ಪಳವಾಯಿತು. ಆಮೇಲೆ ಸುಭಾಷನ ಪಿಸುಮಾತು, ಮೊಬೈಲ್ ಎತ್ತಿದವನ ದನಿ:

“ಅತ್ತಿಗಿ, ಹಂಗ ಇರು. ತಿರುಗಬ್ಯಾಡ.”

ಧೂಳು ಏಳಲಿಲ್ಲ. ಬಿಳಿ ಬಟ್ಟೆಯೇ ಬಂತು.

ಫಕೀರಮ್ಮ ನೆಲಕ್ಕೆ ಕೈಯೂರಿ ಎದ್ದಳು. ತಿರುಗಿದಳು. ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿ, ಒದ್ದೆ ಕಣ್ಣು, ಹಣೆಯ ಭಂಡಾರ, ಸುಕ್ಕು, ಎಲ್ಲ ಕಾಣುವ ಹಾಗೆ ಮೈದುನನ ಎದುರು ನಿಂತಳು.

“ಈಗ ನೋಡಕೋ,” ಎಂದಳು. “ನಾಳೆ ಯಾರರ ಕೇಳಿದ್ರ ನಿನಗ ಗೊತ್ತಿರಬೇಕು.”

ಸುಭಾಷ್ ಮೊಬೈಲ್ ಇಳಿಸಿದ. ನೆಲ ನೋಡಿದ. ಹೇಮಾವತಿಯ ಹೆಗಲ ಮೇಲೆ ಕೂಸು ಅಳತೊಡಗಿತು. ಫಕೀರಮ್ಮ ಇನ್ನಷ್ಟು ಹೊತ್ತು ಹಾಗೇ ನಿಂತಿದ್ದು, ಅವನು ತಲೆ ಎತ್ತುವುದಿ‌ಲ್ಲವೆಂದು ಖಾತ್ರಿಯಾದ ಮೇಲೆ ಎಡೆಯ ಹತ್ತಿರ ಕೂತು, ತಣ್ಣಗಾಗಿದ್ದ ರೊಟ್ಟಿಯನ್ನು ಎಲ್ಲರಿಗೂ ಮುರಿದು ಹಂಚಿದಳು.